ಎರಡು ಕಾರ್ಡ್ ಜಗಳಕ್ಕೆ ಬಿದ್ದರೆ ಗೆಲ್ಲುವುದು ಯಾವುದು?

ಪ್ರಶ್ನೆ: ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದಲ್ಲಿ ಕಾರ್ಡ್‌ಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ತೀರ್ಮಾನ ಹೇಗೆ?

ಉತ್ತರ: ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಅಮೆರಿಕದಲ್ಲಿ ಹೊರಬಂತು. ಇದರ ಮೊದಲ ಸೂತ್ರ ತುಸು ಉದ್ಧಟತನದ್ದು: ನಿಯಮಕ್ಕೂ ಕಾರ್ಡಿನ ಬರಹಕ್ಕೂ ತಕರಾರು ಬಂದರೆ ಕಾರ್ಡಿನ ಮಾತೇ ಮೇಲು. ಒಂದು ಕಾರ್ಡ್ ‘ಮಾಡಬಹುದು’ ಎಂದು, ಇನ್ನೊಂದು ‘ಮಾಡುವಂತಿಲ್ಲ’ ಎಂದರೆ ನಿಷೇಧಕ್ಕೇ ಜಯ.

ಹೆಚ್ಚಿನ ಜಗಳ ಸರದಿಯದು. ಆಡಿದ ಮಂತ್ರಗಳು ಪೇರಿಸಿಟ್ಟ ತಟ್ಟೆಗಳಂತೆ. ಕೊನೆಗೆ ಇಟ್ಟದ್ದು ಮೊದಲು ಇಳಿಯುತ್ತದೆ. ಎರಡು ಬಲ, ಎರಡು ತಾಳಿಕೆಯ ಕರಡಿಯೊಂದಿದೆ ಎನ್ನಿ. ಎದುರಾಳಿ ಮೂರು ಪೆಟ್ಟಿನ ‘ಲೈಟ್ನಿಂಗ್ ಬೋಲ್ಟ್’ ಎಸೆದಾಗ ಕರಡಿಯ ಒಡೆಯ ‘ಜೈಂಟ್ ಗ್ರೋತ್’ ಆಡಿದರೆ, ಕರಡಿ ಮೊದಲು ಐದಕ್ಕೆ ಬೆಳೆದು ಪೆಟ್ಟನ್ನು ತಾಳಿಕೊಳ್ಳುತ್ತದೆ. ಅವನೇ ಆತುರಪಟ್ಟು ಮೊದಲು ಆಡಿದನೋ, ಉತ್ತರವಾಗಿ ಬಂದ ಸಿಡಿಲು ಕರಡಿಯನ್ನು ಮುಗಿಸುತ್ತದೆ. ಬೆಳೆಸುವ ಮಂತ್ರಕ್ಕೆ ಗುರಿಯೇ ಉಳಿಯುವುದಿಲ್ಲ.

ನಿಜವಾದ ತಲೆನೋವು ‘ಹ್ಯೂಮಿಲಿಟಿ’ ಮತ್ತು ‘ಓಪಲೆಸೆನ್ಸ್’ ಜೋಡಿ. ಮೊದಲನೆಯದು ಕರಡಿಯಂಥ ಎಲ್ಲ ಜೀವಿಗಳ ವಿಶೇಷ ಶಕ್ತಿ ಕಿತ್ತು ಬಲವನ್ನೂ ತಾಳಿಕೆಯನ್ನೂ ಒಂದಕ್ಕೆ ಇಳಿಸುತ್ತದೆ. ಎರಡನೆಯದು ಹ್ಯೂಮಿಲಿಟಿಯನ್ನೇ ನಾಲ್ಕು ಬಲ, ನಾಲ್ಕು ತಾಳಿಕೆಯ ಜೀವಿಯಾಗಿಸುತ್ತದೆ. ಹಾಗಾದರೆ ಅದು ತನ್ನ ಶಕ್ತಿಯನ್ನೇ ಕಿತ್ತುಕೊಂಡು ನಿಷ್ಫಲವಾಗುವುದೇ? ಇಲ್ಲ. ಪರಿಣಾಮಗಳನ್ನು ಏಳು ಪದರಗಳಲ್ಲಿ ಲೆಕ್ಕ ಹಾಕುತ್ತಾರೆ: ಜೀವಿಯಾಗುವುದು ನಾಲ್ಕರಲ್ಲಿ, ಶಕ್ತಿ ಹೋಗುವುದು ಆರರಲ್ಲಿ, ಬಲ ನಿರ್ಧಾರ ಏಳರಲ್ಲಿ. ಒಮ್ಮೆ ಶುರುವಾದ ಪರಿಣಾಮ, ಅದರ ಮೂಲವಾದ ಶಕ್ತಿ ನಡುವೆ ಹೋದರೂ, ಪೂರ್ತಿಯಾಗಬೇಕು. ಏಳರಲ್ಲಿ ಕೊನೆಗೆ ಮೇಜಿಗೆ ಬಂದ ಕಾರ್ಡಿನ ಮಾತು ನಡೆಯುತ್ತದೆ. ಓಪಲೆಸೆನ್ಸ್ ನಂತರ ಬಂದಿದ್ದರೆ ಹ್ಯೂಮಿಲಿಟಿಯ ಬಲ, ತಾಳಿಕೆ ನಾಲ್ಕು ನಾಲ್ಕು, ಇಲ್ಲವಾದರೆ ಒಂದೊಂದು.

ಪಂದ್ಯದಲ್ಲಿ ಗೊಂದಲವಾದರೆ ವಾದಕ್ಕಿಳಿಯದೆ ಕೈಯೆತ್ತಿ ತೀರ್ಪುಗಾರರನ್ನು ಕರೆಯಿರಿ.