ನಿಮಗಿದು ಗೊತ್ತೆ? ಕಾರಿನ ಹೆಡ್‌ಲೈಟ್ ಬಾಯಿ ಬಿಡುವುದು ಬಿಸಿಗೆ!

● ಅಮೆರಿಕದ ಕಾರುಗಳಿಗೆ 1940ರಲ್ಲಿ ‘ಸೀಲ್ಡ್ ಬೀಮ್’ ದೀಪಗಳು ಬಂದವು. ಒಳಗಿನ ತಂತಿ ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕಿತ್ತು. ಬಲ್ಬ್ ಮಾತ್ರ ಬದಲಿಸಬಲ್ಲ ಹೆಡ್‌ಲೈಟ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1983ರಲ್ಲಿ.

● ಇಂದಿನ ಹೆಡ್‌ಲೈಟ್‌ನ ಮುಂಭಾಗ ಪಾಲಿಕಾರ್ಬೊನೇಟ್, ಹಿಂಭಾಗ ಹೆಚ್ಚಾಗಿ ಪಾಲಿಪ್ರೊಪಿಲೀನ್. ಎರಡನ್ನೂ ಬೆಸೆಯುವುದು ಅಂಚಿನ ಕಾಲುವೆಯಲ್ಲಿ ತುಂಬಿದ ಅಂಟು.

● ಆ ಅಂಟು ಬ್ಯುಟೈಲ್ ರಬ್ಬರ್ ಆಗಿದ್ದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗಿ, ಕಪ್ಪು ಎಳೆಎಳೆಯಾಗಿ ಹಿಗ್ಗುತ್ತ ಬಿಟ್ಟುಕೊಳ್ಳುತ್ತದೆ. ದೀಪದೊಳಗೆ ಬಣ್ಣ ಹಚ್ಚುವವರು, ಪ್ರೊಜೆಕ್ಟರ್ ಮಸೂರ ಕೂರಿಸುವವರು ನೆಚ್ಚುವುದು ಈ ಗುಣವನ್ನೇ. ಪಾಲಿಯುರೆಥೇನ್ ಅಂಟು ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಬಿಸಿಗೆ ಜಗ್ಗದು, ಕತ್ತರಿಸಲೇಬೇಕು.

● ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿಯಲ್ಲಿ ತಾನೇ ಮೆದುವಾಗುತ್ತದೆ. ಶಾಖ ಮಿತಿ ಮೀರಿದರೆ ದೀಪದ ಆಕಾರವೇ ಕೆಡುತ್ತದೆ.

● ದೀಪದೊಳಗಿನ ಪ್ರತಿಫಲಕದ ಅಲ್ಯೂಮಿನಿಯಂ ಲೇಪ ಬಲು ತೆಳು. ಬಟ್ಟೆಯಿಂದ ಉಜ್ಜಿದರೂ ಗೀರು ಬಿದ್ದು ಬೆಳಕು ಕುಗ್ಗುತ್ತದೆ. ಮರಳಿ ಮುಚ್ಚುವಾಗ ಎಳ್ಳಷ್ಟು ಸಂದು ಉಳಿದರೂ ತೇವ ನುಗ್ಗಿ ಒಳಗೆಲ್ಲ ಮಂಜು ಕಟ್ಟುತ್ತದೆ.

● ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ದೀಪ ಬಿಚ್ಚುವ ಮುನ್ನ ನಿಯಮ ತಿಳಿದುಕೊಳ್ಳಿ. ನಿಮ್ಮ ಕಾರಿನ ಅಂದ ಎದುರು ಬರುವವರ ಕಣ್ಣು ಕುಕ್ಕದಿರಲಿ.