ಯಜಮಾನರಿಲ್ಲದ ಹುಟ್ಟುಹಬ್ಬ

ಕಾಗದದ ಮಾತು ಕೇಳಿದರೆ ಮದರಾಸು ಹುಟ್ಟಿದ್ದು 1639ರ ಜುಲೈ 22ರಂದು. ಕಡಲಂಚಿನ ಮರಳುಪಟ್ಟಿಯೊಂದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಕೌಲಿನ ನಕಲುಗಳಲ್ಲಿ ಇರುವುದು ಅದೇ ತಾರೀಖು. ಆದರೆ ಕಂಪನಿಯ ಪರವಾಗಿ ಮಾತುಕತೆ ನಡೆಸಿದ ಫ್ರಾನ್ಸಿಸ್ ಡೇ ಅಲ್ಲಿಗೆ ಬಂದಿಳಿದದ್ದೇ ಜುಲೈ 27ಕ್ಕೆ. ಆಸಾಮಿ ಊರಿಗೆ ಕಾಲಿಡುವ ಐದು ದಿನ ಮೊದಲೇ ಅವನ ಕೈಗೆ ಕೌಲು ಸಿಗುವುದುಂಟೆ? ಬರೆದವರು ತಿಂಗಳು ತಪ್ಪಿದ್ದಾರೆ ಎಂದು ಇತಿಹಾಸಕಾರರು ತೀರ್ಮಾನಿಸಿದರು. ಹಾಗಾಗಿ ಚೆನ್ನೈ ಈಗ ವರ್ಷವರ್ಷವೂ ಹುಟ್ಟುಹಬ್ಬ ಮಾಡಿಕೊಳ್ಳುವುದು ತಿದ್ದಿದ ತಾರೀಖಿನ ಮೇಲೆ, ಆಗಸ್ಟ್ 22ಕ್ಕೆ.

ಕೌಲು ಕೊಟ್ಟವನು ದಾಮರ್ಲ ವೆಂಕಟಾದ್ರಿ ನಾಯಕ. ಹಂಪಿ ಹಾಳಾಗಿ ಏಳು ದಶಕ ಕಳೆದಿದ್ದರೂ ವಿಜಯನಗರದ ಅರವೀಡು ವಂಶದವರು ಚಂದ್ರಗಿರಿಯಲ್ಲಿ ಹೆಸರಿಗಾದರೂ ಸಿಂಹಾಸನದ ಮೇಲಿದ್ದರು. ಈ ನಾಯಕ ಅವರ ಕೈಕೆಳಗಿನವನು. ತನ್ನ ತಂದೆ ಚೆನ್ನಪ್ಪ ನಾಯಕನ ಹೆಸರು ಹೊಸ ಊರಿಗೆ ಇರಲಿ ಎಂಬುದು ಅವನ ಆಸೆಯಾಗಿತ್ತು. ಡೇ, ಅವನ ಮೇಲಧಿಕಾರಿ ಆಂಡ್ರ್ಯೂ ಕೋಗನ್, ದುಬಾಷಿ ಬೇರಿ ತಿಮ್ಮಪ್ಪ: ಈ ಮೂವರನ್ನು ಊರಿನ ಸ್ಥಾಪಕರೆಂದು ಹೇಳುವ ರೂಢಿ ಇದೆ. ತಿಮ್ಮಪ್ಪನ ಹೆಸರು ಶಾಲೆಯ ಪಾಠಗಳಲ್ಲಿ ಕಾಣುವುದು ಅಪರೂಪ. ದುಬಾಷಿಗಳ ಹಣೆಬರಹವೇ ಅಷ್ಟು.

ಇಷ್ಟೆಲ್ಲ ಹಳೆಯ ಕಥೆಯಾದರೂ ಹಬ್ಬ ಹೊಸದು. 1939ರಲ್ಲಿ ಮುನ್ನೂರು ತುಂಬಿದಾಗ ಸಮಿತಿಯೊಂದು ವಿದ್ವಾಂಸರಿಂದ ಲೇಖನ ಬರೆಸಿ ದಪ್ಪನೆಯ ಸಂಸ್ಮರಣ ಸಂಪುಟ ಹೊರತಂದಿತು. ಇತಿಹಾಸದ ಓದುಗರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಬೀದಿಯ ಜನರಿಗೆ ಅದು ತಲುಪುವ ಪುಸ್ತಕವಾಗಿರಲಿಲ್ಲ. ಬೀದಿಗೆ ಹಬ್ಬವನ್ನು ಇಳಿಸಿದ್ದು 2004ರಲ್ಲಿ, ಮೂವರು ಪತ್ರಕರ್ತರು: ಎಸ್. ಮುತ್ತಯ್ಯ, ಶಶಿ ನಾಯರ್ ಮತ್ತು ವಿನ್ಸೆಂಟ್ ಡಿಸೋಜ.

ಮುತ್ತಯ್ಯನವರ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಅವರು ವೃತ್ತಿ ಕಲಿತದ್ದು ಕೊಲಂಬೊದ ‘ಟೈಮ್ಸ್ ಆಫ್ ಸಿಲೋನ್’ ಪತ್ರಿಕೆಯಲ್ಲಿ. 1968ರಲ್ಲಿ ಮದರಾಸಿಗೆ ಬಂದು ನಕ್ಷೆ ಅಚ್ಚು ಹಾಕುವ ಸಂಸ್ಥೆ ಸೇರಿದರು. ಊರಿನ ಬೀದಿಗಳು ಅವರಿಗೆ ಮೊದಲು ಗೆರೆಗಳಾಗಿ ಪರಿಚಯವಾದವೋ ಏನೋ! 1981ರಲ್ಲಿ ‘ಮದ್ರಾಸ್ ಡಿಸ್ಕವರ್ಡ್’ ಬಂತು. ಚಿಕ್ಕದಾಗಿದ್ದ ಆ ಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಬೆಳೆಯುತ್ತ ಹೋಯಿತು. 1991ರಲ್ಲಿ ‘ಮದ್ರಾಸ್ ಮ್ಯೂಸಿಂಗ್ಸ್’ ಎಂಬ ಪುಟ್ಟ ಪಾಕ್ಷಿಕ ಶುರು ಮಾಡಿದರು. ಆಮೇಲೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಸುಮಾರು ಎರಡು ದಶಕ ವಾರವಾರವೂ ಅಂಕಣ ಬರೆದರು. ಓದುಗರು ತಪ್ಪು ತೋರಿಸಿ ಪತ್ರ ಬರೆದರೆ ಮುಂದಿನ ಕಂತಿನಲ್ಲಿ ಅದನ್ನೂ ಸೇರಿಸುವರು. ಅಜ್ಜನ ಡೈರಿ, ಅತ್ತೆಯ ಮದುವೆಯ ಫೋಟೊ, ಮುಚ್ಚಿಹೋದ ಅಂಗಡಿಯ ಬಿಲ್ಲು, ಇಂಥವಕ್ಕೆಲ್ಲ ಅಲ್ಲಿ ಜಾಗ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಆ ವರ್ಷದ ಆಗಸ್ಟ್‌ನಲ್ಲಿ ಹಬ್ಬ ನಿಲ್ಲಲಿಲ್ಲ.

ನಿಲ್ಲದಿರಲು ಕಾರಣ ಅದರ ಕಟ್ಟೋಣದಲ್ಲೇ ಇದೆ. ‘ಮದ್ರಾಸ್ ಡೇ’ ಎಂಬ ಈ ಹಬ್ಬಕ್ಕೆ ಅಧ್ಯಕ್ಷರಿಲ್ಲ, ಮುಖ್ಯ ವೇದಿಕೆಯಿಲ್ಲ, ಸರ್ಕಾರದ ಅನುದಾನಕ್ಕೆ ಕಾಯುವ ಪ್ರಶ್ನೆಯೂ ಇಲ್ಲ. ಯಾರು ಬೇಕಾದರೂ ತಮ್ಮ ಖರ್ಚಿನಲ್ಲಿ ತಮಗೆ ತೋಚಿದ್ದನ್ನು ಮಾಡಬಹುದು. ಸಂಯೋಜಕರ ಕೆಲಸವೆಂದರೆ ಎಲ್ಲವನ್ನೂ ಒಂದು ಪಟ್ಟಿಗೆ ಸೇರಿಸಿ ಊರಿಗೆ ತಿಳಿಸುವುದು. ಕಾಲೇಜಿನವರು ರಸಪ್ರಶ್ನೆ ಇಡುತ್ತಾರೆ, ಅಂಚೆಚೀಟಿ ಸಂಗ್ರಹಿಸುವವರು ಪ್ರದರ್ಶನ ಹೂಡುತ್ತಾರೆ, ಶಾಲೆಯ ಮಕ್ಕಳು ತಮ್ಮ ಬೀದಿಯ ಇತಿಹಾಸ ಕೆದಕಿ ಚಾರ್ಟು ಮಾಡುತ್ತಾರೆ, ಹೋಟೆಲುಗಳು ಉಪನ್ಯಾಸಕ್ಕೆ ಸಭಾಂಗಣ ಬಿಟ್ಟುಕೊಡುತ್ತವೆ. ಒಂದು ದಿನದ ಹಬ್ಬ ವಾರವಾಯಿತು, ವಾರ ಸಾಲದೆ ತಿಂಗಳಿಗೆ ಹಬ್ಬಿತು. ಶಾಮಿಯಾನ, ಹಾರ, ಸನ್ಮಾನ, ವಂದನಾರ್ಪಣೆಗಳ ಜಯಂತಿಗಳನ್ನು ಕಂಡು ಸುಸ್ತಾದ ನಮ್ಮ ಕಣ್ಣಿಗೆ ಇದೊಂದು ಸೋಜಿಗ.

ಹಬ್ಬದ ಜೀವಾಳ ನಡಿಗೆ. ಆಗಸ್ಟ್‌ನ ಸೆಕೆ ಏರುವ ಮುನ್ನ ಬೆಳಗ್ಗೆಯೇ ಹೊರಟುಬಿಡಬೇಕು. ಜಾರ್ಜ್ ಕೋಟೆಯೊಳಗೆ ಹೋದವರನ್ನು ಸೇಂಟ್ ಮೇರಿ ಚರ್ಚಿನ ಮುಂದೆ ನಿಲ್ಲಿಸುತ್ತಾರೆ. 1680ರ ಈ ಚರ್ಚಿನಲ್ಲಿ ನಡೆದ ಮೊದಲ ಮದುವೆ ಎಲಿಹು ಯೇಲ್‌ನದು. ಮುಂದೆ ಅಮೆರಿಕದ ವಿಶ್ವವಿದ್ಯಾಲಯವೊಂದು ಇವನ ಹೆಸರನ್ನೇ ಹೊತ್ತುಕೊಂಡಿತು. 1753ರಲ್ಲಿ ರಾಬರ್ಟ್ ಕ್ಲೈವ್ ಮದುವೆಯಾದದ್ದೂ ಇಲ್ಲೇ.

ಕೋಟೆಯಿಂದ ಸ್ವಲ್ಪ ದೂರದ ಆರ್ಮೇನಿಯನ್ ಬೀದಿಯ ಕಥೆ ಇನ್ನೂ ಸ್ವಾರಸ್ಯದ್ದು. ಜಗತ್ತಿನ ಮೊಟ್ಟಮೊದಲ ಆರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು 1794ರಲ್ಲಿ, ಮದರಾಸಿನಲ್ಲಿ. ಅದನ್ನು ಹೊರತಂದ ಪಾದ್ರಿ ಹರುತ್ಯೂನ್ ಶ್ಮಾವೊನ್ಯನ್ ಸಮಾಧಿ ಅದೇ ಬೀದಿಯ ಚರ್ಚಿನ ಅಂಗಳದಲ್ಲಿದೆ. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದ, ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿ ಮತ್ತು ಹೈಕೋರ್ಟಿನ ಗದ್ದಲದ ನಡುವಿನ ಒಂದು ಅಂಗಳ, ಒಂದು ಭಾಷೆಯ ಪತ್ರಿಕೋದ್ಯಮಕ್ಕೆ ತವರುಮನೆ!

ಪುಸ್ತಕದ ಕೆಲಸ ಕಾಣಬೇಕೆಂದರೆ ನುಂಗಂಬಾಕ್ಕಂನ ಕಾಲೇಜು ರಸ್ತೆಗೆ ಹೋಗಬೇಕು. 1812ರಲ್ಲಿ ಹುಟ್ಟಿದ ಮದ್ರಾಸ್ ಲಿಟರರಿ ಸೊಸೈಟಿ ಅಲ್ಲಿನ ಕೆಂಪು ಕಟ್ಟಡದಲ್ಲಿದೆ. ಎತ್ತರದ ಕಪಾಟುಗಳಲ್ಲಿ ಶತಮಾನಗಳ ಧೂಳು ಕಂಡ ಪುಸ್ತಕಗಳಿವೆ. 1619ರಲ್ಲಿ ಅಚ್ಚಾದ ಅರಿಸ್ಟಾಟಲ್ ಕೂಡ ಇದ್ದಾನೆ. ಕಡಲ ಗಾಳಿಯ ತೇವಕ್ಕೆ ಹಾಳೆ ಬೆಂದು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇಲ್ಲಿಯವರು ಹೂಡಿದ ಉಪಾಯ ಪುಸ್ತಕ ದತ್ತು. ಒಬ್ಬರು ಒಂದು ಪುಸ್ತಕವನ್ನು ಆರಿಸಿಕೊಂಡು ದುರಸ್ತಿಯ ಖರ್ಚು ಕೊಡುತ್ತಾರೆ. ಹಳೆಯ ಹೊಲಿಗೆ ಬಿಚ್ಚಿ, ಹಾಳೆ ಹಾಳೆಗೂ ತೆಳುವಾದ ಟಿಶ್ಯೂ ಅಂಟಿಸಿ, ಒಣಗಿಸಿ, ಮತ್ತೆ ಹೊಲಿದು ರಟ್ಟು ಕಟ್ಟುವ ಈ ಕೆಲಸ ಒಂದೆರಡು ದಿನದ್ದಲ್ಲ. ಹಬ್ಬದ ಭಾಷಣಕ್ಕೆ ಬಂದವರಲ್ಲಿ ಒಬ್ಬರಾದರೂ ಒಂದು ಪುಸ್ತಕದ ಜವಾಬ್ದಾರಿ ಹೊತ್ತು ಮನೆಗೆ ಹೋದರೆ ಆ ಭಾಷಣ ಸಾರ್ಥಕ.

ತಕರಾರುಗಳೂ ಇವೆ, ಇರಬೇಕಾದವೇ. ಕಂಪನಿಯವರ ಕೌಲಿನಿಂದ ಊರಿನ ವಯಸ್ಸು ಎಣಿಸುವುದೇಕೆ? ತಿರುವಳ್ಳುವರ್ ಮತ್ತು ಪೇಯಾಳ್ವಾರರ ಹೆಸರಿನೊಂದಿಗೆ ಬೆಸೆದ ಮೈಲಾಪುರ ಎಲ್ಲಿ ಹೋಯಿತು? ಟ್ರಿಪ್ಲಿಕೇನಿನ ಪಾರ್ಥಸಾರಥಿ ದೇವಾಲಯದಲ್ಲಿ ಪಲ್ಲವರ ಶಾಸನವೇ ಇದೆಯಲ್ಲ? ಅಷ್ಟೇಕೆ, 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಶಿಲಾಯುಗದ ಕೈಗೊಡಲಿ ಹೆಕ್ಕಿದ್ದು ಪಲ್ಲಾವರದಲ್ಲಿ. ಬಳ್ಳಾರಿಯ ಸಂಗನಕಲ್ಲಿನ ಪ್ರಾಚೀನತೆಯನ್ನು ಬೆಳಕಿಗೆ ತಂದ ಅದೇ ಫೂಟ್. ಹಳ್ಳಿಗಳೆಲ್ಲ ಸೇರಿ ಒಂದು ನಗರವಾಗುವ ಪ್ರಕ್ರಿಯೆ ಶುರುವಾದದ್ದು 1639ರಿಂದ ಎಂಬುದು ಆಚರಿಸುವವರ ಸಮಜಾಯಿಷಿ. ಅದರಲ್ಲಿ ಹುರುಳಿದೆ. ಆದರೂ ಬಿಳಿಯರ ಕಟ್ಟಡಗಳೇ ಮೆರೆಯುವ ನಡಿಗೆಗಳಲ್ಲಿ ಮೀನುಗಾರರ ಕುಪ್ಪಂಗಳು ಹಿಂದೆ ಬೀಳುವ ಅಪಾಯ ಇದ್ದೇ ಇದೆ. ಊರಿನ ನೀರಿನ ಬವಣೆ ತಿಳಿಯಬೇಕಾದರೆ ಕೋಟೆಗಿಂತ ಅಶೋಕಮಿತ್ರನ್ ಅವರ ‘ತಣ್ಣೀರ್’ ಕಾದಂಬರಿಯೇ ಒಳ್ಳೆಯ ದಾರಿದೀಪ. ಪುದುಮೈಪಿತ್ತನ್ ಕಥೆಯಲ್ಲಂತೂ ಸಾಕ್ಷಾತ್ ದೇವರೇ ಬ್ರಾಡ್‌ವೇ ಮೂಲೆಯಲ್ಲಿ ಕಂದಸಾಮಿ ಪಿಳ್ಳೆಗೆ ಎದುರಾಗುತ್ತಾನೆ.

ಕನ್ನಡಿಗರಿಗೆ ಈ ಊರು ಪರಕೀಯವಲ್ಲ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳು ರಾಜ್ಯ ಪುನರ್ವಿಂಗಡಣೆಯ ಕಾಲದವರೆಗೆ ಮದರಾಸಿಗೆ ಸೇರಿದ್ದವು. ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದು ಇಲ್ಲಿ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಮೆಕೆಂಜಿ, ತನ್ನ ಸಹಾಯಕ ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರ ಕೈಯಲ್ಲಿ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿದ. ಆ ರಾಶಿಯಲ್ಲಿ ದೊಡ್ಡ ಪಾಲು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರ ಸೇರಿತು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದಾಗ ನಮ್ಮ ಹಳ್ಳಿಗಳು ತಮ್ಮ ಕಥೆಯನ್ನು ತಾವೇ ಓದಿಕೊಂಡವು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1894ರಲ್ಲಿ ಅಚ್ಚು ಹಾಕಿದ ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದ್ದನ್ನು 1968ರಿಂದ ಸಂಪುಟಗಳಾಗಿ ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಇನ್ನು ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದ 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೂ ಮದರಾಸಿನ ಎ.ವಿ.ಎಂ. ಸಂಸ್ಥೆಗೂ ಇದ್ದ ನಂಟು, ಕನ್ನಡ ಚಿತ್ರರಂಗ ವರ್ಷಾನುಗಟ್ಟಲೆ ಕೋಡಂಬಾಕ್ಕಂ ಸ್ಟುಡಿಯೊಗಳನ್ನು ನೆಚ್ಚಿಕೊಂಡಿದ್ದ ಸಂಗತಿ ಹಿರಿಯ ಪ್ರೇಕ್ಷಕರಿಗೆಲ್ಲ ಗೊತ್ತು.

ಮದರಾಸಿಗೆ ನಾನೂರು ತುಂಬುವುದು 2039ರಲ್ಲಿ. ಅಷ್ಟು ಹೊತ್ತಿಗೆ ಆಗಸ್ಟ್‌ನ ಪಟ್ಟಿಗೆ ಒಂದು ಕನ್ನಡ ನಡಿಗೆಯನ್ನೂ ಸೇರಿಸಬಹುದು: ಬೆಳಗ್ಗೆ ಹಸ್ತಪ್ರತಿ ಭಂಡಾರದಲ್ಲಿ ಒಂದು ಕೈಫಿಯತ್ತಿನ ಓದು, ಆಮೇಲೆ ಚೆಪಾಕ್‌ನ ವಿಶ್ವವಿದ್ಯಾಲಯದಲ್ಲಿ ಮರಿಯಪ್ಪ ಭಟ್ಟರ ನಿಘಂಟಿನ ಮೇಲೆ ಒಂದು ಮಾತು, ಮಧ್ಯಾಹ್ನ ಕೋಡಂಬಾಕ್ಕಂ. ಹಬ್ಬದ ಕಟ್ಟಳೆ ಗೊತ್ತೇ ಇದೆ, ಯಾರ ಅಪ್ಪಣೆಯೂ ಬೇಕಿಲ್ಲ. ಖರ್ಚು ಮಾತ್ರ ಮಾಡುವವರದೇ.