ಪಾತ್ರಗಳ ನಡತೆಯೂ ಪ್ರೇಕ್ಷಕರ ವಾದವೂ

ಲೋಕದಲ್ಲಿ ಮನುಷ್ಯನಿಗೆ ತನ್ನ ಮನೆಯ ವ್ಯಾಜ್ಯಕ್ಕಿಂತ ಪರರ ಮನೆಯ ವ್ಯಾಜ್ಯದಲ್ಲಿ ನ್ಯಾಯ ಹೇಳುವುದು ಸುಲಭ. ಆ ಪರರ ಮನೆಯು ಕಟ್ಟುಕತೆಯದಾದರಂತೂ ಮತ್ತೂ ಸುಲಭ. ಯಾತಕ್ಕೆಂದರೆ, ಅಲ್ಲಿ ನಮಗೆ ಎದುರಾಡುವವರು ಒಬ್ಬರೂ ಇಲ್ಲ. ದೂರದರ್ಶನದ ಧಾರಾವಾಹಿಗಳನ್ನು ನೋಡಿ, ಇಂಥ ಪಾತ್ರವು ಹೀಗೇಕೆ ನಡೆದುಕೊಂಡಿತು, ಕಥೆಯು ಇಲ್ಲಿ ಹೀಗೇಕೆ ತಿರುಗಿತು ಎಂದು ಮನೆಮಂದಿಯೆಲ್ಲ ಸೇರಿ ವಾದಿಸುವ ಪರಿಪಾಠವನ್ನು ವಾಚಕ ಮಹಾಶಯರೆಲ್ಲರೂ ಬಲ್ಲರು. ಇದು ಬರಿಯ ಕಾಲಹರಣವೆಂದು ಕೆಲವರು ಹಿರಿಯರ ಮತ. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಆ ತಿಳಿವಳಿಕೆಯು ಹೇಗೆ ತಿದ್ದಿತೆಂಬುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಾವು ವಾಸವಾಗಿರುವುದು ಮಂಡ್ಯದ ಸಮೀಪದ ವಿ.ಸಿ. ಫಾರಂನಲ್ಲಿ. ವಿಶ್ವೇಶ್ವರಯ್ಯ ನಾಲೆಯ ಹೆಸರನ್ನು ಹೊತ್ತಿರುವ ಈ ಕ್ಷೇತ್ರವು ಬೇಸಾಯದ ಸಂಶೋಧನೆಗೆ ಹೆಸರಾದದ್ದು. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಹೊರತಂದ ಲಕ್ಷ್ಮಣಯ್ಯನವರು ದುಡಿದ ನೆಲವಿದು. ಇಲ್ಲಿಯ ಜನಕ್ಕೆ ಯಾವ ಪೈರನ್ನು ಕಂಡರೂ ಬೀಜ ಯಾವುದು, ಮಣ್ಣು ಎಂಥದು, ನೀರು ಎಷ್ಟು ಎಂದು ವಿಚಾರಿಸುವ ಅಭ್ಯಾಸವುಂಟು. ಅದೇ ವಿಚಾರಣೆಯನ್ನು ಅವರು ಕಥೆಯ ಪಾತ್ರಗಳ ಮೇಲೆಯೂ ನಡೆಸುತ್ತಾರೆ. ಸುತ್ತಣ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಕುರುಕ್ಷೇತ್ರ ನಾಟಕವಾದರೆ, ಮರುದಿನ ಚಹದ ಅಂಗಡಿಯಲ್ಲಿ ಕರ್ಣನ ಪಕ್ಷಕ್ಕೊಬ್ಬ, ಕೃಷ್ಣನ ಪಕ್ಷಕ್ಕೊಬ್ಬ ವಕೀಲನು ಹುಟ್ಟಿಕೊಳ್ಳುತ್ತಾನೆ. ಹೆತ್ತ ತಾಯಿಯೇ ಬಂದು ಬೇಡಿದಾಗಲೂ ಕರ್ಣನು ದುರ್ಯೋಧನನನ್ನು ಬಿಡದಿದ್ದುದು ಋಣವೋ, ಹಟವೋ? ಈ ವ್ಯಾಜ್ಯವು ಇನ್ನೂ ಇತ್ಯರ್ಥವಾಗಿಲ್ಲ.

ಹೀಗೆ ಪಳಗಿದ ಜನರ ಮುಂದೆ 1998ರಲ್ಲಿ ‘ಮಾಯಾಮೃಗ’ವೆಂಬ ಧಾರಾವಾಹಿಯು ಬಂದಿತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಈ ಮೂವರ ನಿರ್ದೇಶನ. ಅದರಲ್ಲಿ ದೇವತೆಗಳಿರಲಿಲ್ಲ, ರಾಕ್ಷಸರೂ ಇರಲಿಲ್ಲ. ನಮ್ಮ ನಿಮ್ಮಂಥ ಮಧ್ಯಮ ವರ್ಗದ ಸಂಸಾರಿಗಳಿದ್ದರು. ಆದುದರಿಂದಲೇ ವಾದವು ಬಿಸಿಯೇರಿತು. ತರುವಾಯ ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’ ಮುಂತಾದುವು ಬಂದುವು. ಅವುಗಳ ನ್ಯಾಯಾಲಯದ ದೃಶ್ಯಗಳನ್ನು ನೋಡಿ, ಹಜಾರದಲ್ಲಿಯೇ ಪಾಟೀಸವಾಲು ನಡೆಸಿದ ಗೃಹಿಣಿಯರನ್ನು ನಾವು ಕಂಡಿದ್ದೇವೆ. 2018ರಲ್ಲಿ ತೊಡಗಿದ ‘ಮಗಳು ಜಾನಕಿ’ಯು 2020ರ ಕೊರೋನಾ ಕಾಲದಲ್ಲಿ ನಡುವೆಯೇ ನಿಂತುಹೋದಾಗ, ಉಳಿದ ಕಥೆಯನ್ನು ನೋಡಿದವರೇ ತಮ್ಮ ತಮ್ಮ ಮನೆಗಳಲ್ಲಿ ಮುಗಿಸಬೇಕಾಯಿತು. ನಮ್ಮ ಬೀದಿಯೊಂದರಲ್ಲಿಯೇ ಅದಕ್ಕೆ ನಾಲ್ಕು ಮುಕ್ತಾಯಗಳುಂಟು.

ಪ್ರೇಕ್ಷಕರ ಈ ತಕರಾರು ಹೊಸದೇನಲ್ಲ. ನಾಟ್ಯಶಾಸ್ತ್ರದ ಪ್ರಕಾರ, ಲೋಕದ ಮೊದಲ ನಾಟಕದಲ್ಲಿಯೇ ಜಗಳವಾಯಿತು. ದೇವತೆಗಳು ಗೆದ್ದು ದೈತ್ಯರು ಸೋತ ಕಥೆಯನ್ನು ಆಡಿ ತೋರಿಸಲಾಗಿ, ದೈತ್ಯರು ಕೆರಳಿ ಆಟವನ್ನು ಕೆಡಿಸಿದರು. ಆಗ ಬ್ರಹ್ಮನು, ನಾಟ್ಯವು ಒಂದು ಪಕ್ಷದ ಸ್ವತ್ತಲ್ಲ, ಮೂರು ಲೋಕದ ನಡತೆಯ ಅನುಕರಣ ಎಂದು ಅವರನ್ನು ಸಮಾಧಾನಪಡಿಸಬೇಕಾಯಿತು. ಅದೇ ಗ್ರಂಥದಲ್ಲಿ ಭರತಮುನಿಯು ಪ್ರಾಶ್ನಿಕರೆಂಬ ಪರೀಕ್ಷಕರನ್ನು ಹೇಳಿದ್ದಾನೆ. ಯಜ್ಞದ ವಿಷಯಕ್ಕೆ ಯಜ್ಞವನ್ನು ಬಲ್ಲವನು, ಬಾಣವಿದ್ಯೆಗೆ ಬಿಲ್ಲುಗಾರನು, ಶಬ್ದಕ್ಕೆ ವೈಯಾಕರಣನು, ಗಾನಕ್ಕೆ ಗಾಯಕನು, ಶೃಂಗಾರೋಪಚಾರಕ್ಕೆ ಗಣಿಕೆ. ಯಾರು ಯಾವುದನ್ನು ಬಾಳಿ ಬಲ್ಲರೋ ಅವರೇ ಅದಕ್ಕೆ ಪ್ರಮಾಣವೆಂಬುದು ಅದರ ತಾತ್ಪರ್ಯ.

ಇನ್ನು ಕಥೆಯ ತಿರುವಿನ ಮಾತು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುಷ್ಯಂತನು ಹೆಂಡತಿಯ ಗುರುತಿದ್ದೂ ಇಲ್ಲವೆನ್ನುತ್ತಾನೆ. ಲೋಕಾಪವಾದದ ಅಂಜಿಕೆಯೇ ಕಾರಣ. ಕಾಳಿದಾಸನು ದುರ್ವಾಸರ ಶಾಪವನ್ನೂ ಉಂಗುರವನ್ನೂ ತಂದು, ಅರಸನ ಅಪರಾಧವನ್ನು ಮರವೆಯ ತಲೆಗೆ ಕಟ್ಟಿದನು. ಇದರಿಂದ ನಾಯಕನು ಉಳಿದನು. ಶಾಲೆಯಲ್ಲಿ ನಾವು ಇದನ್ನು ಕವಿಯ ಔಚಿತ್ಯಪ್ರಜ್ಞೆಯೆಂದು ಹೊಗಳಿ ಪಾಠ ಹೇಳುತ್ತಿದ್ದೆವು. ಒಮ್ಮೆ ಒಬ್ಬ ಹುಡುಗಿಯು ಎದ್ದುನಿಂತು, “ಶಾಪ ಇಲ್ಲದಿದ್ದರೆ ರಾಜನದೇ ತಪ್ಪು ಅಲ್ಲವೇ ಸಾರ್?” ಎಂದಳು. ಪಾಠಕ್ಕೆ ಹೊತ್ತಾಯಿತೆಂದು ಅವಳನ್ನು ಕುಳ್ಳಿರಿಸಿದೆವು.

ಅಸ್ತು. ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇವೆ. ಎಸ್.ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಈಟೀವಿಗಾಗಿ ಧಾರಾವಾಹಿಯಾಗಿ ಮಾಡಿದರು. 2003ರ ಸುಮಾರಿಗೆ ಅದು ಪ್ರಸಾರವಾಗುತ್ತಿದ್ದಾಗ ನೆರೆಯ ನಾಲ್ಕಾರು ಮಂದಿ ನಮ್ಮ ಹಜಾರದಲ್ಲಿಯೇ ಸೇರುತ್ತಿದ್ದರು. ಗಂಡ ಚೆನ್ನಿಗರಾಯನು ಹೆಸರಿಗೆ ಶ್ಯಾನುಭೋಗ. ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಅವನಿಗೆ ಹೊಟ್ಟೆಯ ಚಿಂತೆಯ ಹೊರತು ಬೇರೆ ಚಿಂತೆಯಿಲ್ಲ. ಅತ್ತೆ ಗಂಗಮ್ಮನ ನಾಲಗೆಗೆ ಕಟ್ಟಿಲ್ಲ. ಇಂಥ ಸಂಸಾರವನ್ನು ಎತ್ತಿ ನಿಲ್ಲಿಸಿದ ನಂಜಮ್ಮನು ಕಡೆಗೆ ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡು ತಾನೂ ಹೋಗುತ್ತಾಳೆ.

ಒಂದು ಸಂಜೆ ವಾದವೆದ್ದಿತು: ಇವಳು ಈ ಗಂಡನನ್ನು ಬಿಟ್ಟು ಏಕೆ ಹೊರಡಲಿಲ್ಲ? ಫಾರಂನಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು, “ನಾಟಿ ಮಾಡಿದ್ ಮೇಲೆ ಪೈರು ನೆಲ ಬುಟ್ಟು ಎಲ್ಲಿಗೋದಾತು ಮೇಷ್ಟ್ರೇ? ಒಣಗಿದ್ರೂ ಅಲ್ಲೇ ಅಲ್ವಾ” ಎಂದರು. ಕಾಲೇಜಿಗೆ ಹೋಗುವ ಹುಡುಗನೊಬ್ಬನು ಅವಳಿಗೆ ಧೈರ್ಯ ಸಾಲದೆಂದನು. ನಾವು ಎಲ್ಲರನ್ನೂ ತಡೆದು, ಅವಳದು ಸಹನೆಯೆಂಬ ಮಹಾಗುಣ, ಅದು ಧರ್ಮನಿಷ್ಠೆ ಎಂದು ಉದಾಹರಣಪೂರ್ವಕವಾಗಿ ವಿವರಿಸಿದೆವು.

ಹಬ್ಬಕ್ಕೆಂದು ಬಂದಿದ್ದ ನಮ್ಮ ತಂಗಿಯು ಬಾಗಿಲ ಬಳಿ ಹೂ ಕಟ್ಟುತ್ತ ಕುಳಿತಿದ್ದಳು. ತಲೆಯೆತ್ತದೆ ಹೇಳಿದಳು: “ಅಣ್ಣಯ್ಯ, ಯಾಕೆ ಹೊರಡಲಿಲ್ಲ ಅಂತ ಎಲ್ಲರೂ ಕೇಳ್ತಿದ್ದೀರಿ. ಹೊರಟು ಬಂದಿದ್ದರೆ ಇಟ್ಟುಕೊಳ್ಳೋರು ಯಾರಿದ್ದರು ಅಂತ ಯಾರೂ ಕೇಳಲಿಲ್ಲ.”

ಹಜಾರದಲ್ಲಿ ಮಾತು ನಿಂತಿತು. ಉಳಿದವರಿಗೆ ಅದು ನಂಜಮ್ಮನ ಮಾತು. ನಮಗೆ ಮಾತ್ರ ಹಾಗಿರಲಿಲ್ಲ. ಅದಕ್ಕೆ ಹನ್ನೊಂದು ವರ್ಷಗಳ ಹಿಂದೆ, ನಾವು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಆಕೆಯು ಕಂಕುಳಲ್ಲಿ ಕೂಸನ್ನೂ ಕೈಯಲ್ಲಿ ಒಂದು ಚೀಲವನ್ನೂ ಹಿಡಿದು ನಮ್ಮ ಮನೆಗೆ ಬಂದಿದ್ದಳು. ತಾನೂ ದುಡಿಯದೆ, ದುಡಿಯುವವಳಿಗೆ ನೆಮ್ಮದಿಯನ್ನೂ ಕೊಡದ ಗಂಡ. ನಾವು ಎರಡು ದಿನ ಇರಿಸಿಕೊಂಡು, ಸೀತೆಯ ಕಥೆ ಸಾವಿತ್ರಿಯ ಕಥೆ ಹೇಳಿ, ಮೂರನೆಯ ದಿನ ಮಂಡ್ಯದ ನಿಲ್ದಾಣದಲ್ಲಿ ಬಸ್ಸು ಹತ್ತಿಸಿ, ಚೀಟಿಯ ಹಣವನ್ನೂ ನಾವೇ ಕೊಟ್ಟು ಬಂದಿದ್ದೆವು. ಒಳ್ಳೆಯ ಕೆಲಸ ಮಾಡಿದೆವೆಂಬ ತೃಪ್ತಿಯೂ ಆಗ ಇತ್ತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಾಲವೇ ಹಾಗಿತ್ತು, ಸಂಬಳವೂ ಕಡಮೆ, ನೆರೆಹೊರೆಯವರು ಏನೆಂದಾರು ಎಂದು ಒಂದೊಂದೇ ಸಮಾಧಾನವನ್ನು ತಂದುಕೊಂಡೆವು. ನಮ್ಮ ಪಾಲಿಗೂ ಒಬ್ಬ ದುರ್ವಾಸನು ಬೇಕಾಗಿದ್ದನು. ತರಗತಿಯಲ್ಲಿ ನಾವು ಕುಳ್ಳಿರಿಸಿದ್ದ ಹುಡುಗಿಯ ಪ್ರಶ್ನೆಯು ಆಗ ನೆನಪಿಗೆ ಬಂದಿತು. ಶಾಪವೇನೂ ಇರಲಿಲ್ಲ, ತಪ್ಪು ನಮ್ಮದೇ.

ಬೆಳಗ್ಗೆ ತಂಗಿಯೊಡನೆ ಹಾಗೆಂದು ಹೇಳಿದೆವು. ಮನೆಯ ಇನ್ನೊಂದು ಬೀಗದಕೈಯನ್ನು ಆಕೆಯ ಕೈಯಲ್ಲಿಟ್ಟೆವು. “ಈಗ ಯಾಕೆ ಅಣ್ಣಯ್ಯ, ಮಗ ದೊಡ್ಡವನಾದ” ಎಂದಳು. ಆದರೂ ಅದನ್ನು ಹಿಂದಕ್ಕೆ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಮ್ಮ ಮನೆಯಲ್ಲಿ ಉಳಿಯಲೆಂದು ಆಕೆಯು ಬರಲಿಲ್ಲ. ಆದರೆ ಆ ಮೇಲೆ ಬಂದಾಗಲೆಲ್ಲ ಬಾಗಿಲನ್ನು ತಾನೇ ತೆಗೆದು ಒಳಕ್ಕೆ ಬರುತ್ತಾಳೆ.

ಆದ ಕಾರಣ, ಧಾರಾವಾಹಿಯ ಪಾತ್ರಗಳನ್ನು ಕುರಿತು ಮನೆಯಲ್ಲಿ ವಾದವೆದ್ದರೆ ಹಿರಿಯರು ಅದನ್ನು ಗದರಿಸಿ ನಿಲ್ಲಿಸಕೂಡದೆಂದು ನಮ್ಮ ವಿಜ್ಞಾಪನೆ. ಎದುರಾಎದುರು ಹೇಳಲಾರದ ಮಾತನ್ನು ಜನರು ಪಾತ್ರದ ಹೆಸರಿನಲ್ಲಿ ಹೇಳುವುದುಂಟು. ಅಂದು ನಮ್ಮ ಹಜಾರದಲ್ಲಿ ಶಾಸ್ತ್ರವನ್ನು ಓದಿದವರು ನಾವೊಬ್ಬರೇ. ಆದರೆ ಆ ಕಥೆಗೆ ಪ್ರಾಶ್ನಿಕಳಾಗತಕ್ಕವಳು ಬಾಗಿಲ ಬಳಿ ಹೂ ಕಟ್ಟುತ್ತಿದ್ದಳು. ನಿಮ್ಮ ಮನೆಯಲ್ಲಿಯೂ ಬಾಗಿಲ ಬಳಿ ಯಾರು ಕುಳಿತಿದ್ದಾರೆಂಬುದನ್ನು ಒಮ್ಮೆ ನೋಡಿ. ಅವರ ಅಭಿಪ್ರಾಯವನ್ನು ಕೇಳಿ.